4 ಜಿಬಿ ಐಫೋನಿಗೆ ಸಾಲುವುದು 6 ಜಿಬಿ ಆಂಡ್ರಾಯ್ಡಿಗೆ ಸಾಲದೇಕೆ?

ನಮಸ್ಕಾರ. ಒಟಿಪಿ ನೋಡಲೆಂದು ಮೆಸೇಜಿಗೆ ಹೋಗಿ ಬರುವಷ್ಟರಲ್ಲಿ ನಿಮ್ಮ 6 ಜಿಬಿ ರ‍್ಯಾಮಿನ ಆಂಡ್ರಾಯ್ಡ್ ಫೋನಿನಲ್ಲಿ ಟಿಕೆಟ್ ಆ್ಯಪ್ ಮೊದಲಿನಿಂದ ತೆರೆದುಕೊಳ್ಳುತ್ತದೆ, 4 ಜಿಬಿಯ ಐಫೋನ್ 13ರಲ್ಲಿ ಹಾಗಾಗುವುದಿಲ್ಲ, ಏಕೆ ಎಂದು ಕೇಳಿದ್ದೀರಿ.

ಐಫೋನಿನಲ್ಲಿ ಪರದೆಯಿಂದ ಸರಿದ ಆ್ಯಪ್ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಸ್ತಬ್ಧವಾಗುತ್ತದೆ. ಹಾಡು, ನಕ್ಷೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಜೊತೆಗೆ, 2011ರಲ್ಲಿ ಐಫೋನಿನ ಕಾರ್ಯವ್ಯವಸ್ಥೆಯಾದ ಐಒಎಸ್‌ನ 5ನೇ ಆವೃತ್ತಿಯೊಂದಿಗೆ ಬಂದ ಎಆರ್‌ಸಿ ಪದ್ಧತಿಯಲ್ಲಿ, ಒಂದು ದತ್ತಾಂಶವನ್ನು ಹಿಡಿದಿರುವ ಕೊನೆಯ ಕೊಂಡಿ ಕಳಚಿದ ಕೂಡಲೇ ಅದರ ಜಾಗ ತೆರವಾಗುತ್ತದೆ. ಆಂಡ್ರಾಯ್ಡಿನಲ್ಲಾದರೋ, ಬಳಸಿ ಬಿಟ್ಟದ್ದು ಗಾರ್ಬೇಜ್ ಕಲೆಕ್ಟರ್ ಎಂಬ ವ್ಯವಸ್ಥೆ ಬಂದು ಗುಡಿಸುವ ತನಕ ಬಿದ್ದಿರುವುದರಿಂದ, ಅದೇ ಕೆಲಸಕ್ಕೆ ಹೆಚ್ಚು ಜಾಗ ಬೇಕಾಗುತ್ತದೆ. ಜಾಗ ಸಾಲದಾದಾಗ ಕೆಲವು ಪುಟಗಳನ್ನು (ರ‍್ಯಾಮಿನಲ್ಲಿರುವ ದತ್ತಾಂಶದ ತುಣುಕುಗಳನ್ನು) ಅದುಮಿ, ಝಡ್‌ರ‍್ಯಾಮ್ ಎಂಬ ಏರ್ಪಾಡಿನ ಮೂಲಕ ರ‍್ಯಾಮಿನಲ್ಲೇ ಇಡಲಾಗುತ್ತದೆ. ಅದುಮುವ, ಬಿಡಿಸುವ ಭಾರ ಪ್ರೊಸೆಸರಿನ ಮೇಲೆ ಬೀಳುವುದರಿಂದ ಅಗ್ಗದ ಫೋನುಗಳು ಇಲ್ಲಿ ತಡವರಿಸಬಹುದು. ಅದೂ ಸಾಲದಿದ್ದರೆ ಹಿನ್ನೆಲೆಯ ಆ್ಯಪ್‌ಗಳು ಬಲಿಯಾಗುತ್ತವೆ. ಐಒಎಸ್‌ನಲ್ಲಿಯೂ ಜೆಟ್‌ಸಮ್ ಎಂಬ ವ್ಯವಸ್ಥೆ ಇದನ್ನೇ ಮಾಡುತ್ತದೆ.

ಆದರೆ ಒಟಿಪಿ ನೋಡುವ ಹತ್ತು ಸೆಕೆಂಡಿನಲ್ಲಿ ಆ್ಯಪ್ ಸಾಯುತ್ತಿದ್ದರೆ, ನನ್ನ ಸಂಶಯ ರ‍್ಯಾಮಿಗಿಂತ ಹೆಚ್ಚಾಗಿ ಫೋನ್ ತಯಾರಕರು ಬ್ಯಾಟರಿ ಉಳಿಸಲೆಂದು ಸೇರಿಸಿರುವ ಕಟ್ಟುಪಾಡುಗಳ ಮೇಲಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಎಂದು ಬದಲಿಸಿ ನೋಡಿ. ಇತ್ತೀಚೆಗೆ ತೆರೆದವುಗಳ ಪಟ್ಟಿಯಾದ ರೀಸೆಂಟ್ಸ್‌ನಲ್ಲಿರುವ ಆ್ಯಪ್‌ಗಳನ್ನೆಲ್ಲ ಆಗಾಗ ಉಜ್ಜಿ ತೆಗೆಯುವ ಅಭ್ಯಾಸವಿದ್ದರೆ (ನನಗೂ ಬಹುಕಾಲ ಇತ್ತು) ದಯವಿಟ್ಟು ಬಿಡಿ, ಏಕೆಂದರೆ ಹಾಗೆ ತೆಗೆದ ಆ್ಯಪ್ ಮುಂದಿನ ಸಲ ಎಲ್ಲವನ್ನೂ ಸ್ಟೋರೇಜಿನಿಂದ ಮತ್ತೆ ತುಂಬಿಕೊಳ್ಳಬೇಕಾಗುತ್ತದೆ.