ಕಾಡಿನ ಜೀವಿಗಳ ನಡುವಿನ ಸಂಬಂಧ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಯೇ?

ಬದಲಾಗುತ್ತದೆ, ಅದೂ ಒಂದೆರಡು ತಲೆಮಾರಿನೊಳಗೇ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿ ಮರವನ್ನೇ ನೋಡಿ. ಅದರ ಕೊಂಬೆಯಲ್ಲಿ ಬದನಿಕೆ ಅಥವಾ ಬಂದಳಿಕೆ ಎಂಬ ಪರಾವಲಂಬಿ ಗಿಡ ಬೇರೂರಿ ಮರದ ನೀರನ್ನೇ ಹೀರಿ ಬದುಕುತ್ತದೆ. ಅದರ ಹಣ್ಣು ತಿನ್ನುವ ಪುಟಾಣಿ ಹಕ್ಕಿಗೂ ಬದನಿಕೆ ಎಂದೇ ಹೆಸರು. ಬೀಜ ಎಷ್ಟು ಅಂಟೆಂದರೆ, ಹಿಕ್ಕೆಯೊಡನೆ ಸಲೀಸಾಗಿ ಉದುರುವುದಿಲ್ಲ; ಹಕ್ಕಿ ಹಿಂಭಾಗವನ್ನು ಕೊಂಬೆಗೆ ಒರೆಸಿಯೇ ಬಿಡಿಸಿಕೊಳ್ಳಬೇಕು. ಅಲ್ಲಿಗೆ ಬಿತ್ತನೆ ಮುಗಿಯಿತು! ಹಕ್ಕಿಗೆ ಊಟ, ಗಿಡಕ್ಕೆ ನೆಲೆ, ನೆಲ್ಲಿಗೆ ಮಾತ್ರ ನಷ್ಟ.

ಈ ಬದನಿಕೆ ಗಿಡವನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದು ತಾವು ಹಚ್ಚುತ್ತಿದ್ದ ತರಗು ಬೆಂಕಿ ಎನ್ನುತ್ತಾರೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು. ಒಣ ಎಲೆಯನ್ನಷ್ಟೇ ಸುಡುವ ತಗ್ಗು ಬೆಂಕಿ ಅದು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಇತ್ತ, ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ಬಂದ ಅಮೆರಿಕ ಮೂಲದ ಲಂಟಾನ ಹಬ್ಬಿತು; ಬೀಜ ಹಂಚಿದ್ದು ನಮ್ಮದೇ ಪಿಕಳಾರ ಹಕ್ಕಿಗಳು. ಅದರ ದಟ್ಟ ನೆರಳಲ್ಲಿ ಹುಲ್ಲು ಬಾರದು, ನೆಲ್ಲಿ ಸಸಿ ಏಳುವುದೂ ಕಷ್ಟ. ಈಗ ಬೆಂಕಿ ಬಿದ್ದರೆ ಲಂಟಾನ ಹತ್ತಿ ಉರಿದು ಜ್ವಾಲೆ ಮರದ ನೆತ್ತಿಗೇರುತ್ತದೆ. ಹಾಗಾಗಿ ಹಳೆಯ ಪದ್ಧತಿಗೆ ಸುಮ್ಮನೆ ಮರಳುವಂತೆಯೂ ಇಲ್ಲ.