ಕೆನ್ನೆಯ ಮೂಲಕ ಬಲೂನ್ ಹಾಕುವ ಚಿಕಿತ್ಸೆ ಅಮ್ಮನಿಗೆ ಆಗಬಹುದೇ?

ನಿಮ್ಮ ತಾಯಿಗೆ 72 ವರ್ಷ. ಟ್ರೈಜೆಮಿನಲ್ ನರಶೂಲೆಗೆ, ಅಂದರೆ ಮುಖದ ನರದ ತೀವ್ರ ನೋವಿಗೆ, ಕಾರ್ಬಮಜೆಪೀನ್ ಮಾತ್ರೆ ಹೆಚ್ಚಿಸಿದಷ್ಟೂ ತಲೆಸುತ್ತು, ನೋವಂತೂ ನಿಂತಿಲ್ಲ. ಮಂಗಳೂರಿನ ವೈದ್ಯರು ಬಲೂನ್ ಚಿಕಿತ್ಸೆ ಸೂಚಿಸಿದ್ದಾರೆ, ಅದು ಈಗ ಎಷ್ಟು ಸುಧಾರಿಸಿದೆ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಕುಂಬಳೆಯಿಂದ ದಿನವೂ ತಲಪಾಡಿ ಗಡಿ ದಾಟಿ ಹೋಗಿ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎಕ್ಸ್-ರೇ ಯಂತ್ರ ನಡೆಸುವವನು. ಪರದೆಯಲ್ಲಿ ಕಂಡದ್ದನ್ನು ಹೇಳಬಲ್ಲೆ.

ಬಾಯಿಯ ಅಂಚಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಆಚೆ ಸೂಜಿ ಚುಚ್ಚಿ, ತಲೆಬುರುಡೆಯ ತಳದಲ್ಲಿರುವ ಫೊರಾಮೆನ್ ಓವೇಲ್ ಎಂಬ ಕಿಂಡಿಯನ್ನು ಹಿಡಿಯಬೇಕು. ಹಾರ್ಟೆಲ್ ಎಂಬ ಜರ್ಮನ್ ವೈದ್ಯರು ತೋರಿಸಿದ ಈ ದಾರಿಗೆ ನೂರು ವರ್ಷ ಮೀರಿದೆ. ಮುಲ್ಲನ್ ಮತ್ತು ಲಿಕ್ಟರ್ ಎಂಬ ವೈದ್ಯರು ಬಲೂನ್ ವಿಧಾನವನ್ನು ಪ್ರಕಟಿಸಿದ್ದು 1983ರಲ್ಲಿ. ಹಾಗಾಗಿ 'ಹೊಚ್ಚಹೊಸ ತಂತ್ರ' ಎಂಬ ಜಾಹೀರಾತಿಗೆ ಮರುಳಾಗಬೇಡಿ. ನಿಜವಾಗಿ ಸುಧಾರಿಸಿರುವುದು ಕಾಣುವ ಬಗೆ. ಕಿಂಡಿಯ ಉದ್ದ ಏಳೆಂಟು ಮಿಲಿಮೀಟರ್ ಇರಬಹುದು, ಅಗಲ ಅದರರ್ಧ. ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿ. ಬುರುಡೆಯ ರಚನೆ ಎಲ್ಲರಲ್ಲಿ ಒಂದೇ ರೀತಿ ಇರುವುದಿಲ್ಲ. ಮೊದಲು ಸಾದಾ ಎಕ್ಸ್-ರೇ ನೋಡಿ ಸೂಜಿಯನ್ನು ಮತ್ತೆ ಮತ್ತೆ ತಿರುಗಿಸಬೇಕಾಗುತ್ತಿತ್ತು. ಈಗ ಸಿಟಿ ಚಿತ್ರ ಅಥವಾ ನ್ಯಾವಿಗೇಶನ್ (ಸೂಜಿಯ ದಾರಿಯನ್ನು ಕಂಪ್ಯೂಟರಿನಲ್ಲಿ ತೋರಿಸುವ ವ್ಯವಸ್ಥೆ) ಇದ್ದರೆ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು.

ಒಳಗೆ ಹೋದ ಬಲೂನಿಗೆ ಸುಮಾರು ಒಂದು ಮಿಲಿಲೀಟರಿನೊಳಗೆ ಎಕ್ಸ್-ರೇಯಲ್ಲಿ ಕಾಣುವ ದ್ರವ ತುಂಬಿ, ಒಂದೆರಡು ನಿಮಿಷ ನರದ ಗಂಟನ್ನು, ಅಂದರೆ ನರಕೋಶಗಳು ಸೇರಿರುವ ಉಬ್ಬನ್ನು, ಒತ್ತುತ್ತಾರೆ. ಪರದೆಯಲ್ಲಿ ಅದು ಪೇರ್ ಹಣ್ಣಿನ ಆಕಾರಕ್ಕೆ ಬಂದರೆ ಸರಿಯಾದ ಜಾಗದಲ್ಲಿದೆ ಎಂದರ್ಥ. ಆಕಾರ ಬರದೆ ಮುಗಿಸಿದ ಚಿಕಿತ್ಸೆಯ ಫಲ ಬಹುಕಾಲ ನಿಲ್ಲುವುದು ಕಷ್ಟ. ಒತ್ತುವಾಗ ಹೃದಯ ಬಡಿತ ಇಳಿಯಬಹುದು; ಅರಿವಳಿಕೆಯ ವೈದ್ಯರು ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ.

ಬೆಲೆಯೂ ಇದೆ. ಕೆನ್ನೆ ಜೋಮು ಹಿಡಿಯುತ್ತದೆ, ಕೆಲವು ವಾರ ಅಥವಾ ತಿಂಗಳು ಆ ಬದಿಯಲ್ಲಿ ಜಗಿಯಲು ಬಲವಿರುವುದಿಲ್ಲ. ವೀಳ್ಯ ಹಾಕುವ ತಾಯಂದಿರಿಗೆ ಇದನ್ನು ಮುಂಚೆಯೇ ಹೇಳಿ. ನೋವು ಕೆಲವು ವರ್ಷಗಳ ಬಳಿಕ ಮರಳಲೂಬಹುದು, ಆಗ ಚಿಕಿತ್ಸೆಯನ್ನು ಮತ್ತೆ ಮಾಡಬಹುದು. ರೇಡಿಯೋ ತರಂಗದ ಶಾಖದಿಂದ ನರ ಸುಡುವ ವಿಧಾನದಲ್ಲಿ ರೋಗಿಯನ್ನು ನಡುವೆ ಎಚ್ಚರಿಸಿ ಎಲ್ಲಿ ಚುಮುಚುಮು ಎನ್ನುತ್ತದೆ ಎಂದು ಕೇಳಬೇಕು. ಹಣೆಯ ನೋವಿಗೆ ಅದನ್ನು ಬಳಸಿದರೆ ಕಣ್ಣಿನ ಕಾರ್ನಿಯಾ (ಮುಂಭಾಗದ ಪಾರದರ್ಶಕ ಪದರ) ಸಂವೇದನೆ ಕಳೆದುಕೊಳ್ಳುವ ಭಯ ಹೆಚ್ಚು, ಅಲ್ಲಿ ಬಲೂನೇ ಮೇಲು.

ಆದರೆ ಎಂಆರ್‌ಐಯಲ್ಲಿ ರಕ್ತನಾಳ ನರವನ್ನು ಒತ್ತುತ್ತಿರುವುದು ಕಂಡರೆ, ಕಿವಿಯ ಹಿಂದೆ ತೆರೆದು ಅವೆರಡರ ನಡುವೆ ಟೆಫ್ಲಾನ್ ಎಂಬ ವಸ್ತುವಿನ ಮೆತ್ತೆ ಇಡುವ ಶಸ್ತ್ರಚಿಕಿತ್ಸೆಯ ಫಲವೇ ಹೆಚ್ಚು ಕಾಲ ಉಳಿಯುವುದು. ಹೃದಯ, ಶ್ವಾಸಕೋಶ ಗಟ್ಟಿಯಿದ್ದರೆ 72 ಅಡ್ಡಿಯಲ್ಲ. ಅದೂ ಆಗಬಹುದೇ ಎಂದು ಸಂಕೋಚವಿಲ್ಲದೆ ಕೇಳಿ. ವೈದ್ಯರು ಇಂಥ ಬಲೂನ್ ಚಿಕಿತ್ಸೆಯನ್ನು ಎಷ್ಟು ಮಾಡಿದ್ದಾರೆ ಎಂದೂ ಕೇಳಿ, ಅದು ಅವಿನಯವಲ್ಲ. ರಕ್ತದ ಸೋಡಿಯಂ ಪರೀಕ್ಷಿಸಿ, ಕಾರ್ಬಮಜೆಪೀನ್ ಮಾತ್ರೆ ಅದನ್ನು ತಗ್ಗಿಸಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕಾಸರಗೋಡಿನಲ್ಲಿ ಮಾಡಿಸಿದ ಎಂಆರ್‌ಐ ಇದ್ದರೆ ವರದಿಯ ಕಾಗದ ಸಾಲದು, ಸಿಡಿಯನ್ನೇ ತನ್ನಿ.