ತೂಕ, ನಿದ್ದೆ, ಬಿಪಿ, ಖರ್ಚು: ವರ್ಷಗಟ್ಟಲೆ ಲೆಕ್ಕ ಇಡುವುದು ಹೇಗೆ?

ಐದು ಆ್ಯಪ್‌ಗಳಲ್ಲಿ ಹಂಚಿಹೋಗಿದ್ದ ಲೆಕ್ಕ ಫೋನ್ ಬದಲಾಯಿಸಿದಾಗ ಅರ್ಧ ಮಾಯವಾಯಿತು, ಈಗ ಹೊಸದಾಗಿ ಹೇಗೆ ಶುರು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಉಳಿದದ್ದನ್ನು ಹೊರತೆಗೆಯಿರಿ. ಐಫೋನಿನ ಹೆಲ್ತ್ ಆ್ಯಪ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ ಕೆಳಗೆ ಹೋದರೆ ಎಲ್ಲ ಡೇಟಾ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಸಿಗುತ್ತದೆ. ಬರುವ ಜಿಪ್ ಫೈಲಿನೊಳಗೆ ಬಹುಪಾಲು ಡೇಟಾ ಎಕ್ಸ್‌ಎಂಎಲ್ ಎಂಬ ಪಠ್ಯ ರೂಪದಲ್ಲಿರುತ್ತದೆ. ಗೂಗಲ್ ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳಲು ಗೂಗಲ್‌ನದೇ ಟೇಕ್‌ಔಟ್ ಸೇವೆ ಇದೆ. ಮುಂದೆ ಯಾವುದೇ ಆ್ಯಪ್ ಹಾಕಿಕೊಳ್ಳುವ ಮೊದಲು ಸಿಎಸ್‌ವಿ (ಎಕ್ಸೆಲ್‌ನಂಥ ಯಾವ ಶೀಟಿನಲ್ಲೂ ತೆರೆಯುವ ಸಾದಾ ಪಠ್ಯ ಫೈಲ್) ಎಕ್ಸ್‌ಪೋರ್ಟ್ ಇದೆಯೇ ನೋಡಿ. ಇಲ್ಲದಿದ್ದರೆ ಅದು ಎಷ್ಟೇ ಚಂದವಿರಲಿ, ಬೇಡ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ: ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಇಡುವ ಮಳೆ ಲೆಕ್ಕ. ದಿನಕ್ಕೊಂದು ಅಂಕಿ, ಅದೇ ಮಾಪಕ, ಅದೇ ಜಾಗ, ಅದೇ ಹೊತ್ತು, ಇಂಚು-ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ). ಹವಾಮಾನ ಇಲಾಖೆಯ ಮಳೆ ಲೆಕ್ಕದಲ್ಲಿ ಕೂಡ ಒಂದು ದಿನ ಬೆಳಿಗ್ಗೆ 8.30ಕ್ಕೇ ಮುಗಿಯುತ್ತದೆ, ನಡುರಾತ್ರಿಗಲ್ಲ. ಮಾಪಕವನ್ನು ಮರದಡಿಗೆ ಸರಿಸಿದ ದಿನದಿಂದ ಹಳೆಯ ಅಂಕಿಗೂ ಹೊಸದಕ್ಕೂ ತಾಳೆಯಾಗುವುದಿಲ್ಲ. ನಿಮ್ಮ ತೂಕದ ಯಂತ್ರದ್ದೂ ಇದೇ ಕಥೆ.

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಒಂದೇ ಶೀಟ್ ಮಾಡಿ. ದಿನಕ್ಕೊಂದು ಸಾಲು, ಶುರುವಿನಲ್ಲಿ ನಾಲ್ಕೈದು ಕಾಲಂ ಸಾಕು. ದಿನಾಂಕವನ್ನು 2025-04-03 ಎಂದೇ ಬರೆಯಿರಿ. 03/04 ಎಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎನ್ನುವುದು ಕಂಪ್ಯೂಟರಿನ ಪ್ರದೇಶ ಸೆಟ್ಟಿಂಗ್ ಮೇಲೆ ಹೋಗುತ್ತದೆ, ತಪ್ಪಾದದ್ದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಘಟಕವನ್ನು ಕಾಲಂ ಹೆಸರಿನಲ್ಲೇ ಸೇರಿಸಿ, ಉದಾಹರಣೆಗೆ 'ತೂಕ ಕೆಜಿ'. ಕೋಶದೊಳಗೆ ಬರೀ ಅಂಕಿ. '71.4 ಕೆಜಿ' ಎಂದು ಬರೆದರೆ ಶೀಟ್ ಅದನ್ನು ಅಕ್ಷರವೆಂದು ತಿಳಿದು ಸರಾಸರಿಯಿಂದ ಬಿಟ್ಟುಬಿಡುತ್ತದೆ. ಅಳೆಯದ ದಿನ ಕೋಶ ಖಾಲಿ ಇರಲಿ, ಸೊನ್ನೆ ಹಾಕಬೇಡಿ. ಸರಾಸರಿಯ ಸೂತ್ರ ಖಾಲಿ ಕೋಶವನ್ನು ದಾಟಿ ಹೋಗುತ್ತದೆ, ಆದರೆ ಸೊನ್ನೆಯನ್ನೂ ಎಣಿಸುತ್ತದೆ. 70 ಕೆಜಿಯವರ ಏಳು ದಿನದಲ್ಲಿ ಒಂದು ಸೊನ್ನೆ ಸೇರಿದರೆ ಸರಾಸರಿ 60! ಕೊನೆಯ ಕಾಲಂ ಷರಾ: ಜ್ವರ, ಪ್ರಯಾಣ, ಹೊಸ ಮಾತ್ರೆ, ಹೊಸ ಯಂತ್ರ. ಎರಡು ವರ್ಷದ ನಂತರ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಜನ ಬಿಟ್ಟುಬಿಡುವುದೂ ಇದನ್ನೇ.

ತೂಕ ಸುಲಭವೆಂದು ಕಾಣುತ್ತದೆ, ಆದರೆ ಎಡವುವುದು ಇಲ್ಲೇ. ಬೆಳಿಗ್ಗೆ ಶೌಚ ಮುಗಿದ ಮೇಲೆ, ಕಾಫಿಗೂ ಮೊದಲು ನೋಡಿ. ಯಂತ್ರ ಗಟ್ಟಿ ನೆಲದ ಮೇಲಿರಲಿ. ಮ್ಯಾಟ್ ಮೇಲಿಟ್ಟರೆ, ಅಥವಾ ಯಂತ್ರದ ಒಂದು ಕಾಲು ಟೈಲ್ಸ್ ಸಂದಿಗೆ ಸಿಕ್ಕರೆ, ಅಂಕಿ ಬದಲಾಗುತ್ತದೆ. ಎರಡು ಸಲ ನಿಂತು ಒಂದೇ ಅಂಕಿ ಬಂತೆಂದು ಯಂತ್ರವನ್ನು ನಂಬಬೇಡಿ: ಎಷ್ಟೋ ಡಿಜಿಟಲ್ ಯಂತ್ರಗಳು ವ್ಯತ್ಯಾಸ ಸಣ್ಣದಿದ್ದರೆ ಹಿಂದಿನ ಅಂಕಿಯನ್ನೇ ಮತ್ತೆ ತೋರಿಸುತ್ತವೆ. ನಡುವೆ ಒಂದು ಬಕೆಟ್ ನೀರು ತೂಗಿ, ಆಮೇಲೆ ನಿಂತು ನೋಡಿ. ಯಂತ್ರ ಸರಿಯಿದೆಯೇ ಎಂದು ತಿಳಿಯಲು 20 ಲೀಟರ್ ನೀರಿನ ಕ್ಯಾನ್ ಸಾಕು. ಖಾಲಿ ಕ್ಯಾನ್ ಹಿಡಿದು ಒಮ್ಮೆ, ತುಂಬಿದ್ದು ಹಿಡಿದು ಒಮ್ಮೆ ನಿಂತರೆ ವ್ಯತ್ಯಾಸ ಸುಮಾರು 20 ಕೆಜಿ ಬರಬೇಕು. ಬೆನ್ನು ನೋವಿದ್ದವರು ಈ ಸಾಹಸಕ್ಕೆ ಹೋಗಬೇಡಿ. ಮದುವೆ ಊಟದ ಮರುದಿನ ಒಂದು ಕೆಜಿ ಏರಿದರೆ ಅದು ಬಹುಪಾಲು ಉಪ್ಪು ಹಿಡಿದಿಟ್ಟ ನೀರು ಮತ್ತು ಹೊಟ್ಟೆಯಲ್ಲಿರುವ ಊಟ, ಕೊಬ್ಬಲ್ಲ. ಹಾಗಾಗಿ ದಿನದ ಅಂಕಿ ಬರೆದಿಡಿ, ನೋಡುವುದು ಮಾತ್ರ 7 ದಿನದ ಸರಾಸರಿ. ಯಂತ್ರ ಬದಲಾಯಿಸುವಾಗ ಎರಡು ವಾರ ಎರಡರಲ್ಲೂ ತೂಗಿ ವ್ಯತ್ಯಾಸವನ್ನು ಷರಾದಲ್ಲಿ ಬರೆಯಿರಿ. ಹಳೆಯ ಅಂಕಿಗಳನ್ನು ತಿದ್ದಲು ಹೋಗಬೇಡಿ.

ನಿದ್ದೆಗೆ ಮಲಗಿದ ಹೊತ್ತು, ಎದ್ದ ಹೊತ್ತು ಎರಡನ್ನೂ ಬರೆಯಿರಿ, ಗಂಟೆಯನ್ನು ಶೀಟ್ ಲೆಕ್ಕ ಹಾಕಲಿ. ರಾತ್ರಿ 12.40ಕ್ಕೆ ಮಲಗಿದರೆ ಅದು ಯಾವ ದಿನದ್ದು ಎಂಬ ಗೊಂದಲಕ್ಕೆ ಒಂದೇ ನಿಯಮ: ಎದ್ದ ಬೆಳಗಿನ ದಿನಾಂಕಕ್ಕೆ ಸೇರಿಸಿ. ರಾತ್ರಿ 11ಕ್ಕೆ (23:00) ಮಲಗಿ ಬೆಳಿಗ್ಗೆ 6ಕ್ಕೆ ಎದ್ದಾಗ, ಎದ್ದ ಹೊತ್ತಿನಿಂದ ಮಲಗಿದ ಹೊತ್ತನ್ನು ಕಳೆದರೆ ಉತ್ತರ ಋಣ ಸಂಖ್ಯೆಯಾಗುತ್ತದೆ. ಆಗ 1 ಕೂಡಿಸಿ, 24ರಿಂದ ಗುಣಿಸಿ. ಶೀಟಿನ ಪಾಲಿಗೆ 1 ಅಂದರೆ ಇಡೀ ಒಂದು ದಿನ. ವಾಚು ಹೇಳುವ ಗಾಢ ನಿದ್ದೆಯ ನಿಮಿಷಗಳಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ, ಅದು ಚಲನೆ ಮತ್ತು ನಾಡಿಯಿಂದ ಮಾಡಿದ ಅಂದಾಜು.

ಬಿಪಿ ಬರೆಯುವುದಾದರೆ ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳುಪಟ್ಟಿ ಎದೆಯ ಮಟ್ಟದಲ್ಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಎರಡನ್ನೂ ಬರೆಯಿರಿ, ಕಡಿಮೆ ಬಂದದ್ದನ್ನು ಆರಿಸಿಕೊಳ್ಳಬೇಡಿ. ತೋಳು ದಪ್ಪವಿದ್ದು ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂಕಿ ನೋಡಿ ಮಾತ್ರೆ ಬದಲಾಯಿಸುವುದು ವೈದ್ಯರ ಕೆಲಸ.

ಖರ್ಚಿಗೆ ಯುಪಿಐ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದೇ ಇದೆ, ಕೈಯಲ್ಲಿ ಬರೆಯಬೇಕಾದ್ದು ನಗದು ಮಾತ್ರ. ಮನಸ್ಥಿತಿಗೆ 1ರಿಂದ 5 ಅಂಕ ಕೊಡುವುದಾದರೆ ಪ್ರತಿ ಅಂಕಕ್ಕೂ ಒಂದು ಸಾಲಿನ ಅರ್ಥವನ್ನು ಮೊದಲೇ ಬರೆದಿಡಿ. ಇಲ್ಲದಿದ್ದರೆ ಈ ವರ್ಷದ 3 ಬೇರೆ, ಮುಂದಿನ ವರ್ಷದ 3 ಬೇರೆ.

ಇಷ್ಟೆಲ್ಲ ಸೇರಿದ ಮೇಲೆ ಯಾವುದಕ್ಕೆ ಯಾವುದು ಕಾರಣ ಎಂದು ಹುಡುಕುವ ಆಸೆ ಬರುತ್ತದೆ. ಹತ್ತು ಕಾಲಂ ಇದ್ದರೆ 45 ಜೋಡಿ. ಸಂಬಂಧವೇ ಇಲ್ಲದ ನೂರು ಜೋಡಿಯಲ್ಲಿ ಐದು ಹೊಂದಿದಂತೆ ಕಾಣಬಹುದು ಎಂಬ ಲೆಕ್ಕ ಹಿಡಿದರೆ, ಇಲ್ಲಿ ಸುಮಾರು ಎರಡು ಜೋಡಿ ಬರೀ ಆಕಸ್ಮಿಕವಾಗಿಯೇ 'ಸಂಬಂಧ' ತೋರಿಸಬಹುದು. ಸಂಜೆಯ ಕಾಫಿ ನಿದ್ದೆ ಕೆಡಿಸುತ್ತಿದೆ ಎಂಬ ಅನುಮಾನವಿದ್ದರೆ ಅದೊಂದನ್ನೇ ಎರಡು ವಾರ ಬಿಟ್ಟು, ಎರಡು ವಾರ ಕುಡಿದು, ಮತ್ತೆ ಬಿಟ್ಟು ನೋಡಿ.

ತಪ್ಪಿದ ವಾರವನ್ನು ನೆನಪಿನಿಂದ ತುಂಬಬೇಡಿ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಹಂಚಿಕೆ ಆಯ್ಕೆ ಆಫ್ ಇರಲಿ. ತಿಂಗಳ ಮೊದಲ ದಿನ ಒಂದು ಸಿಎಸ್‌ವಿ ಪ್ರತಿ ತೆಗೆದು ಪೆನ್ ಡ್ರೈವ್‌ಗೆ ಹಾಕಿ. ಷರಾ ಕನ್ನಡದಲ್ಲಿದ್ದರೆ ಎಕ್ಸೆಲ್‌ನಲ್ಲಿ ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸಿ. ಸಾದಾ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಅದನ್ನು ಮತ್ತೆ ಅಕ್ಷರಕ್ಕೆ ತರಲು ಆಗುವುದಿಲ್ಲ.